ರಿಜಿಸ್ಟರಿನಲ್ಲಿ ಬರೆಯದೆ ಬಿಟ್ಟ ಕುದುರೆ

ಎರವಲು ಕೊಟ್ಟ ಕುದುರೆಯ ವಿಷಯಕ್ಕೆ ಜಗಳ ಬಿದ್ದವರು ಪೊಲೀಸ್ ಠಾಣೆಗೆ ಹೋಗುವ ಮೊದಲು ದನದ ಆಸ್ಪತ್ರೆಗೆ ಬರುತ್ತಿದ್ದರು. ಹೀಗೆಂದರೆ ಈಗ ನಮ್ಮ ಇಲಾಖೆಗೆ ಸೇರುವವರು ನಗುತ್ತಾರೆ. ಅವರಲ್ಲಿ ಬಹಳ ಮಂದಿ ಕುದುರೆಯ ಕಾಲೆತ್ತಿ ಗೊರಸನ್ನು ತೊಡೆಯ ಮೇಲೆ ಇಟ್ಟುಕೊಂಡವರೇ ಅಲ್ಲ. ಐವತ್ತರ ದಶಕದಲ್ಲಿ ನಾನು ಬಂಗಾರಪೇಟೆ ತಾಲ್ಲೂಕಿನ ಒಂದು ಸಣ್ಣ ಪಶು ಚಿಕಿತ್ಸಾಲಯಕ್ಕೆ ಕಾಂಪೌಂಡರಾಗಿ ಹೋದಾಗ ನಮ್ಮ ಕೆಲಸದಲ್ಲಿ ಅರ್ಧ ಕುದುರೆಯದೇ. ಆ ಊರಿನ ಹೆಸರು ಇಲ್ಲಿ ಬೇಡ. ಬಂಗಾರಪೇಟೆಯಲ್ಲಿ ರೈಲು ಇಳಿದವರಿಗೆ ಜಟಕಾ ಬೇಕು, ಉರಿಗಾಂ ಸ್ಟೇಷನ್ನಿಗೆ ಬಂದವರಿಗೂ ಬೇಕು, ಚಿನ್ನದ ಗಣಿಯ ಕೂಲಿಗಳ ಲೈನ್ ಮನೆಗಳಿಂದ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯಲೂ ಜಟಕಾವೇ ಬೇಕು.

ಜಟಕಾದವರಲ್ಲಿ ಒಂದು ಪದ್ಧತಿ ಇತ್ತು. ಒಬ್ಬನ ಕುದುರೆ ಸತ್ತು ಗಾಡಿ ಮಾತ್ರ ಉಳಿದಿರುತ್ತದೆ. ಇನ್ನೊಬ್ಬ ಕಾಯಿಲೆ ಬಿದ್ದು ಕುದುರೆ ಸುಮ್ಮನೆ ಕಟ್ಟಿರುತ್ತದೆ. ಗಾಡಿಯವನು ಕಾಯಿಲೆಯವನ ಕುದುರೆಯನ್ನು ಎರವಲು ತಂದು, ಮೇವು ಹಾಕಿ, ದುಡಿಸಿಕೊಂಡು, ಬದಲಿಗೆ ಅವನ ಮನೆಗೆ ಏನಾದರೊಂದು ಮಾಡಿಕೊಡುತ್ತಾನೆ. ಎಲ್ಲ ಬಾಯಿಮಾತು. ಚೆನ್ನಾಗಿ ನಡೆದಷ್ಟು ದಿನ ಅಣ್ಣತಮ್ಮಂದಿರು. ಕುದುರೆಗೆ ಏನಾದರೂ ಆಯಿತೋ, ಇಬ್ಬರೂ ನಮ್ಮ ಜಗಲಿಯ ಮೇಲೆ.

ನನ್ನ ಮೇಲಿನ ಅಧಿಕಾರಿ ಡಾಕ್ಟರ್ ರಂಗರಾಯರು. ಮಾತು ಕಡಿಮೆ, ಕೋಪವೂ ಕಡಿಮೆ, ತಪ್ಪು ಕಂಡರೆ ಮಾತ್ರ ಬಿಡುತ್ತಿರಲಿಲ್ಲ. "ಮೊದಲು ಕುದುರೆಯನ್ನು ನೋಡು, ಆಮೇಲೆ ಮನುಷ್ಯರ ಮಾತು ಕೇಳು. ಕುದುರೆ ಯಾರ ಪರವೂ ಅಲ್ಲ," ಎನ್ನುತ್ತಿದ್ದರು. ಒಮ್ಮೆ ಭಾವ ಮೈದುನ ಇಬ್ಬರು ಹೆಗಲಲ್ಲಿ ಹುಣ್ಣಾದ ಕುದುರೆಯನ್ನು ಹಿಡಿದುಕೊಂಡು ಬಂದರು. ಎರವಲು ಒಯ್ದವನೇ ಹುಣ್ಣು ಮಾಡಿದ ಎಂದು ಒಡೆಯನ ದೂರು. ರಾಯರು ಹುಣ್ಣಿನ ಅಂಚನ್ನು ಬೆರಳಿಂದ ಸರಿಸಿ ನನಗೆ ತೋರಿಸಿದರು. ಕಂದು ಮೈಯಲ್ಲಿ ಅಲ್ಲಿ ಮಾತ್ರ ಬಿಳಿ ಕೂದಲು. ಹಳೆಯ ಗಾಯ ಮಾಗಿದ ಮೇಲೆ ಹುಟ್ಟುವ ಕೂದಲದು. ಹುಣ್ಣು ಒಡೆಯನ ಕಾಲದ್ದೇ. ಅವನು ತಲೆ ತಗ್ಗಿಸಿ ಕುದುರೆ ಹಿಡಿದುಕೊಂಡು ಹೋದ. ಇಷ್ಟು ಸುಲಭವಾಗಿ ಮುಗಿದ ಜಗಳ ನನ್ನ ಕಾಲದಲ್ಲಿ ಅದೊಂದೇ ಇರಬೇಕು.

ಇನ್ನೊಂದು ಜಗಳವನ್ನು ಈಗಲೂ ಮರೆತಿಲ್ಲ. ಮದುವೆಯ ಮೆರವಣಿಗೆಗೆಂದು ಎರವಲು ತಂದ ಕುದುರೆ ಪಟಾಕಿಗೆ ಬೆದರಿ ಮೋರಿಗೆ ಬಿದ್ದು ಮುಂಗಾಲು ಮುರಿದುಕೊಂಡಿತು. ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ಸಾಯಿಸುವುದೊಂದೇ ದಾರಿ. ಅದಕ್ಕೆ ಒಡೆಯನ ಒಪ್ಪಿಗೆ ಬೇಕು. ಒಡೆಯ, "ನಾನ್ ಕೊಟ್ಟಾಗ ನಾಕ್ ಕಾಲ್ ಮೇಲ್ ನಿಂತಿತ್ತು. ಸಾಯ್ಸಿ ಅಂತ ಅವ್ನೇ ಯೋಳ್ಲಿ," ಎಂದ. ತಂದವನು, "ಕುದ್ರೆ ಅವ್ರದು, ನಾನ್ ಎಂಗೆ ಯೋಳ್ಲಿ ಸಾಮಿ," ಎಂದ. ಯಾರು ಮೊದಲು ಬಾಯಿ ಬಿಟ್ಟರೆ ಅವರ ತಲೆಗೆ ಕುದುರೆಯ ಬೆಲೆ ಎಂದು ಇಬ್ಬರಿಗೂ ಹೆದರಿಕೆ. ಎರಡು ಹಗಲು ಅದು ಬಿಸಿಲಲ್ಲಿ ಬಿದ್ದಿತ್ತು. ನಾನು ಗೋಣಿಚೀಲ ನೆನೆಸಿ ಹೊದಿಸುತ್ತಿದ್ದೆ. ಮೂರನೆಯ ಬೆಳಿಗ್ಗೆ ರಾಯರು ಯಾರನ್ನೂ ಕೇಳದೆ ಅದರ ಸಂಕಟ ಮುಗಿಸಿದರು. ಆಮೇಲೆ ಆ ಇಬ್ಬರೂ ಒಂದಾಗಿ ರಾಯರ ಮೇಲೆಯೇ ಅರ್ಜಿ ಹಾಕಿದರು.

ಅಲ್ಲಿಂದ ಮುಂದೆ ರಾಯರು ಹೊಸ ಕ್ರಮ ತಂದರು. ಕುದುರೆ ಎರವಲು ಕೊಡುವವನೂ ಪಡೆಯುವವನೂ ಕುದುರೆಯ ಜೊತೆ ಆಸ್ಪತ್ರೆಗೆ ಬರಬೇಕು. ನಾಲ್ಕೂ ಕಾಲು ಎತ್ತಿ ನೋಡಿ, ಹಲ್ಲು, ಕಣ್ಣು, ಹೆಗಲು ಎಲ್ಲ ಪರೀಕ್ಷಿಸಿ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದೆವು. ಇಬ್ಬರೂ ಹೆಬ್ಬೆಟ್ಟು ಒತ್ತುತ್ತಿದ್ದರು. ಜಟಕಾ ಸ್ಟ್ಯಾಂಡುಗಳ ಹಿರಿಯರೂ ಇದಕ್ಕೆ ಒಪ್ಪಿದರು. ಒಂದೆರಡು ವರ್ಷ ಜಗಳ ಕಡಿಮೆಯಾಯಿತು. ಪುಸ್ತಕದಲ್ಲಿ ಇದ್ದರೆ ನಿಜ, ಇಲ್ಲದಿದ್ದರೆ ಸುಳ್ಳು ಎಂದು ಜನ ನಂಬಿದರು. ಆ ಪುಸ್ತಕ ಬರೆಯುತ್ತಿದ್ದವನು ನಾನು. ಮುಂದೆ ಹೇಳುವುದು ನನ್ನ ವಿಷಯ.

ಉರಿಗಾಂನಲ್ಲಿ ಮುನಿಶಾಮಿ ಎಂಬ ಜಟಕಾದವನಿದ್ದ. ಮೊದಲು ಗಣಿಯೊಳಗೆ ಬಂಡೆ ಕೊರೆಯುತ್ತಿದ್ದವನು. ಎದೆಗೆ ಕಲ್ಲಿನ ಧೂಳು ಸೇರಿ ಕೆಮ್ಮು ಹಿಡಿದ ಮೇಲೆ ಕೆಲಸ ಬಿಟ್ಟು ಒಂದು ಹೆಣ್ಣು ಕುದುರೆ ಕೊಂಡು ಗಾಡಿ ಹೊಡೆದ. ಕೊನೆಗೆ ಗಾಡಿ ಹೊಡೆಯುವಷ್ಟೂ ಉಸಿರು ಉಳಿಯಲಿಲ್ಲ. ಹೆಂಡತಿ ಯಲ್ಲಮ್ಮ ಕೂಲಿಗೆ ಹೋಗುತ್ತಿದ್ದಳು. ಅದೇ ಸ್ಟ್ಯಾಂಡಿನಲ್ಲಿ ಬೂದಿಕೋಟೆ ಕಡೆಯ ವೆಂಕಟೇಶಪ್ಪ ಎಂಬವನ ಕುದುರೆ ಹೊಟ್ಟೆಶೂಲೆಯಿಂದ ಸತ್ತಿತ್ತು. ಇವನು ಮುನಿಶಾಮಿಯನ್ನು ಅಣ್ಣ ಎಂದೂ ಯಲ್ಲಮ್ಮನನ್ನು ಅತ್ತಿಗೆ ಎಂದೂ ಕರೆಯುತ್ತಿದ್ದ. ಮುನಿಶಾಮಿಯ ಕುದುರೆಯನ್ನು ಇವನಿಗೆ ಎರವಲು ಬರೆಸಲು ಮೂವರೂ ಅದೇ ಕುದುರೆಯ ಗಾಡಿಯಲ್ಲಿ ಬಂದರು. ನಾನು ಕಾಲೆತ್ತಿ ನೋಡಿದೆ. ನಾಲ್ಕೂ ಗೊರಸು ಸ್ವಚ್ಛವಾಗಿದ್ದವು. ಹಾಗೆಯೇ ಬರೆದೆ.

"ಬದಲಿಗೆ ಏನು ಮಾಡ್ತೀಯಪ್ಪಾ?" ಎಂದು ರಾಯರು ಕೇಳಿದರು.

"ವಾರಕ್ ಎರಡ್ ಸಲ ಅಣ್ಣನ್ನ ಗಣಿ ಆಸ್ಪತ್ರೆಗೆ ಕರ್ಕೊಂಡೋಗಿ ಕರ್ಕೊಂಡ್ ಬತ್ತೀನಿ ಸಾಮಿ. ಅಣ್ಣಂಗೆ ನಡೆಯಾಕಾಗಲ್ಲ."

ಮುನಿಶಾಮಿ ಕುದುರೆಯ ಕತ್ತು ಸವರುತ್ತ ನಿಂತಿದ್ದ. ತಮಿಳರ ಜೊತೆ ಗಣಿಯಲ್ಲಿ ದುಡಿದವನು, ಅವನ ಮಾತಿನಲ್ಲಿ ತಮಿಳು ಬೆರೆತಿತ್ತು. "ಪೋದುಂ, ಅಷ್ಟೇ ಸಾಕು," ಎಂದ. ಇಬ್ಬರೂ ಹೆಬ್ಬೆಟ್ಟು ಒತ್ತಿದರು.

ಒಂದು ತಿಂಗಳಾಗಿರಬೇಕು. ಸಂತೆಯ ದಿನ ಮಧ್ಯಾಹ್ನ ವೆಂಕಟೇಶಪ್ಪ ಕುಂಟುತ್ತಿದ್ದ ಆ ಕುದುರೆಯನ್ನು ನಡೆಸಿಕೊಂಡು ಬಂದ. ಹಿಂದಿನ ದಿನ ದಾರಿಯಲ್ಲಿ ಮೊಳೆ ಚುಚ್ಚಿತ್ತಂತೆ. ರಾಯರು ದನಗಳಿಗೆ ಸೂಜಿ ಹಾಕುವ ಕ್ಯಾಂಪಿಗೆ ಹೋಗಿದ್ದರು. ಜಗಲಿಯ ತುಂಬ ದನ, ಎಮ್ಮೆ, ಜನ. ನಾನು ಗೊರಸು ಕೆರೆದು, ತೂತು ಅಗಲ ಮಾಡಿ, ಒಳಗಿನ ಕಪ್ಪು ನೀರು ಹೊರಗೆ ಬಿಟ್ಟು, ಟಿಂಚರ್ ಹಾಕಿ ಹತ್ತಿ ತುರುಕಿದೆ.

ಕುದುರೆಗೆ ಮೊಳೆ ಚುಚ್ಚಿದರೆ ಧನುರ್ವಾಯು ಬರಬಹುದು. ಅದು ಬಾರದಂತೆ ತಡೆಯುವ ಸೀರಂ ನಮ್ಮಲ್ಲಿತ್ತು. ಇಂಥ ಗಾಯಕ್ಕೆ ನನ್ನನ್ನು ಕೇಳಲು ಕಾಯಬೇಡ, ಕೊಟ್ಟುಬಿಡು ಎಂದು ರಾಯರು ಹೇಳಿದ್ದರು. ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಆದರೆ ಸಿರಿಂಜು ಕುದಿಸಬೇಕು, ಸ್ಟೋವ್ ಹಚ್ಚಬೇಕು. ಸಂಜೆ ಬಸ್ಸಿಗೆ ನಾನು ಊರಿಗೆ ಹೋಗಬೇಕಿತ್ತು. ಗಾಯ ಸ್ವಚ್ಛವಾಗಿದೆ, ಏನೂ ಆಗಲಿಕ್ಕಿಲ್ಲ ಎಂದುಕೊಂಡೆ.

"ಗಾಡಿಗ್ ಕಟ್ಟಬೋದಾ ಸಾಮಿ?" ಎಂದು ಅವನು ಕೇಳಿದ.

"ನಾಲ್ಕು ದಿನ ಬಿಟ್ಟು ಕಟ್ಟು. ಹೋಗು."

ಆಸ್ಪತ್ರೆ ಮುಚ್ಚುವ ಹೊತ್ತಿಗೆ ಆ ದಿನ ಚಿಕಿತ್ಸೆ ಕೊಟ್ಟವುಗಳ ರಿಜಿಸ್ಟರು ಬರೆಯಲು ಕೂತೆ. ದನಗಳನ್ನೆಲ್ಲ ಬರೆದೆ. ಕುದುರೆಯ ಸಾಲಿಗೆ ಬಂದಾಗ ಕೈ ನಿಂತಿತು. ಬರೆದರೆ, ಸೀರಂ ಏಕೆ ಕೊಡಲಿಲ್ಲ ಎಂದು ರಾಯರು ಕೇಳುತ್ತಾರೆ. ಆ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಸಾಲನ್ನೇ ಬಿಟ್ಟೆ. ಬಸ್ಸು ಸಿಕ್ಕಿತು.

ಹತ್ತು ಹನ್ನೊಂದು ದಿನದ ಮೇಲೆ ವೆಂಕಟೇಶಪ್ಪ ಓಡಿಬಂದ. "ಕುದ್ರೆ ಮರ ನಿಂತಂಗೆ ನಿಂತೈತೆ ಸಾಮಿ, ಬಾಯಿ ತೆಗೀತಾ ಇಲ್ಲ," ಎಂದ. ರಾಯರೂ ನಾನೂ ಅವನ ಕೊಟ್ಟಿಗೆಗೆ ಹೋದೆವು. ನಾಲ್ಕು ಕಾಲೂ ಅಗಲಿಸಿ, ಬಾಲ ಎತ್ತಿ, ಕಿವಿ ನಿಗುರಿಸಿ ನಿಂತಿತ್ತು. ರಾಯರು ಗದ್ದಕ್ಕೆ ಮೆಲ್ಲಗೆ ತಟ್ಟಿದಾಗ ಕಣ್ಣಿನ ಒಳಗಿನ ಪೊರೆ ಅರ್ಧ ಕಣ್ಣು ಮುಚ್ಚುವಂತೆ ಸರಿಯಿತು. ಧನುರ್ವಾಯು ಎಂದು ನೋಡಿದೊಡನೆ ನನಗೆ ಗೊತ್ತಾಯಿತು. ಇದ್ದ ಸೀರಂ ಎಲ್ಲ ಆಗ ಕೊಟ್ಟೆವು. ಅದು ತಡವಾದ ಮದ್ದು.

ಧನುರ್ವಾಯು ಹಿಡಿದ ಕುದುರೆಯನ್ನು ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಬೇಕು. ಗಣಿಯ ಊರಿನಲ್ಲಿ ಸದ್ದಿಲ್ಲದ ಕಡೆ ಎಲ್ಲಿದೆ? ಬಾಗಿಲಿಗೆ ಕಂಬಳಿ ಕಟ್ಟಿದರು, ಕಿವಿಗೆ ಹತ್ತಿ ತುರುಕಿದರು. ಆದರೂ ಶಿಫ್ಟ್ ಬದಲಾಗುವ ಸೈರನ್ ಕೂಗಿದಾಗೆಲ್ಲ ಅದರ ಮೈ ಬಿಲ್ಲಿನಂತೆ ಬಾಗಿ ನಡುಗುತ್ತಿತ್ತು. ವೆಂಕಟೇಶಪ್ಪ ಅದರ ಹೊಟ್ಟೆಯ ಕೆಳಗೆ ಗೋಣಿ ಕಟ್ಟಿ ಬೀಳದಂತೆ ತೂಗುಹಾಕಿದ. ಮುನಿಶಾಮಿಯನ್ನು ಎತ್ತಿಕೊಂಡು ಬಂದು ಹೊರಗೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಅವನು ಕೆಮ್ಮು ಬಂದರೆ ಕುದುರೆ ಬೆಚ್ಚೀತೆಂದು ಟವೆಲ್ ಬಾಯಿಗೆ ಒತ್ತಿಕೊಂಡಿದ್ದ. ನಾಲ್ಕನೆಯ ದಿನ ಅದು ಸತ್ತಿತು.

ರಾಯರು ಗೊರಸು ಎತ್ತಿ ನೋಡಿ, "ಈ ಗಾಯಕ್ಕೆ ಯಾರು ಮದ್ದು ಹಾಕಿದ್ದು?" ಎಂದರು.

"ಆಸ್ಪತ್ರೇಲೇ ತೋರ್ಸಿದ್ದೆ ಸಾಮಿ. ಸಂತೆ ದಿನ," ಎಂದು ವೆಂಕಟೇಶಪ್ಪ ನನ್ನ ಮುಖ ನೋಡಿದ.

ಆಸ್ಪತ್ರೆಗೆ ಬಂದು ರಾಯರು ರಿಜಿಸ್ಟರು ತೆಗೆದರು. ಬೆರಳಿಟ್ಟು ಸಾಲು ಸಾಲಾಗಿ ಓದಿದರು. "ಇಲ್ಲಿ ಇಲ್ಲ. ಅವನು ಬಂದಿದ್ದನೇನಯ್ಯಾ?"

"ನೆನಪಿಲ್ಲ ಸರ್. ಸಂತೆ ದಿನ, ಬಹಳ ಗಲಾಟೆ ಇತ್ತು," ಎಂದೆ.

ಇಲ್ಲ ಎನ್ನಲಿಲ್ಲ, ನೆನಪಿಲ್ಲ ಎಂದೆ. ಅದು ಸುಳ್ಳಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ರಾಯರು ನನ್ನನ್ನು ಎರಡನೆಯ ಸಲ ಕೇಳಲಿಲ್ಲ. ಎರವಲು ಕೊಟ್ಟಾಗ ಗೊರಸುಗಳು ಚೆನ್ನಾಗಿದ್ದವು, ಗಾಯ ಆಮೇಲೆ ಆದದ್ದು, ಅದಕ್ಕೆ ಚಿಕಿತ್ಸೆ ಮಾಡಿಸಿದ ದಾಖಲೆ ಇಲ್ಲ ಎಂದು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿದರು. ಪುಸ್ತಕದಲ್ಲಿ ಇದ್ದುದನ್ನೇ ಅವರು ಬರೆದದ್ದು.

ಮುಂದಿನ ಭಾನುವಾರ ಉರಿಗಾಂ ಸ್ಟ್ಯಾಂಡಿನಲ್ಲಿ ಪಂಚಾಯಿತಿ ಸೇರಿತು. ಸ್ಟ್ಯಾಂಡಿನ ಹಿರಿಯ ಪಾಪಣ್ಣ ಎಂಬವರು ನಡುವೆ ಕೂತಿದ್ದರು. ಆಸ್ಪತ್ರೆಯ ಕಾಗದ ಓದಲು ರಾಯರು ನನ್ನನ್ನು ಕಳಿಸಿದ್ದರು. ಓದಿದೆ. ಯಲ್ಲಮ್ಮ ಎದ್ದು ನಿಂತಳು. ಕೂಗಾಡಲಿಲ್ಲ.

"ಎಂಕಟೇಸ, ನಿಂಗ್ ಕೊಟ್ಟಿದ್ದು ಕುದ್ರೆ ಅಲ್ಲ ಕಣಪ್ಪಾ, ನಮ್ ಬಾಯ ಮುಂದಿನ್ ಅನ್ನ. ಕಾಲ್ಗೆ ಮೊಳೆ ಚುಚ್ಚಿದ್ರೆ ಒಂದ್ ಗಳಿಗೆ ಆಸ್ಪತ್ರೆ ತಾವ ನಿಲ್ಲಾಕೆ ನಿಂಗ್ ಪುರ್ಸೊತ್ತಿರ್ಲಿಲ್ವಾ?"

"ನಿಂತಿದ್ದೆ ಅತ್ಗೆ. ಈ ಕಾಂಪೌಂಡರ್ ಸಾಮೀನೇ ಕೊಯ್ದು ಮದ್ದಾಕಿದ್ರು. ಅಲ್ಲೇ ಅವ್ರೆ, ಕೇಳಿ."

ಪಾಪಣ್ಣ ನನ್ನ ಕಡೆ ತಿರುಗಿದರು. "ಏನ್ ಸಾಮಿ, ಇವ್ನು ಯೋಳೋದು ದಿಟವಾ?"

ಅಲ್ಲಿ ಇದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. "ಕಾಗದದಲ್ಲಿ ಇರುವುದಷ್ಟೇ ನನಗೆ ಗೊತ್ತು," ಎಂದೆ.

ವೆಂಕಟೇಶಪ್ಪ ನನ್ನ ಕಡೆ ತಿರುಗಿದ. ಬೈಯುತ್ತಾನೆ, ಮೈಮೇಲೆ ಬರುತ್ತಾನೆ ಎಂದುಕೊಂಡಿದ್ದೆ. "ಆಯ್ತು ಬುಡಿ. ಸಾಮಿಗೇ ಗೊತ್ತಿಲ್ಲ ಅಂದ್ಮೇಲೆ ನಾನೇನ್ ಯೋಳ್ಲಿ," ಎಂದು ಕೂತುಬಿಟ್ಟ.

ಅವನ ಗಾಡಿ ಯಲ್ಲಮ್ಮನಿಗೆ ಸೇರಬೇಕು, ಅವನು ಆ ಸ್ಟ್ಯಾಂಡಿನಲ್ಲಿ ಇನ್ನು ನಿಲ್ಲಬಾರದು ಎಂದು ತೀರ್ಮಾನವಾಯಿತು. ಅವನು ಗಾಡಿಯಿಂದ ತನ್ನ ಕಂಬಳಿ ಮಾತ್ರ ತೆಗೆದುಕೊಂಡ. ಗಣಿಯಲ್ಲಿ ಕೂಲಿಗೆ ಸೇರಿದನೆಂದು ಆಮೇಲೆ ಕೇಳಿದೆ.

ಎರಡು ತಿಂಗಳ ನಂತರ ಮೈಸೂರು ಮೈನ್ಸ್ ಎಂಬ ಗಣಿಯ ಕಡೆ ಒಂದು ಎಮ್ಮೆ ನೋಡಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದೆ. ಏರು ರಸ್ತೆಯಲ್ಲಿ ಒಬ್ಬ ತಳ್ಳುಗಾಡಿ ತಳ್ಳಿಕೊಂಡು ಬರುತ್ತಿದ್ದ. ಗಾಡಿಯಲ್ಲಿ ಸೊಪ್ಪು, ತರಕಾರಿ ಏನೂ ಇರಲಿಲ್ಲ. ಗೋಣಿ ಹಾಸಿ, ರಗ್ಗು ಹೊದಿಸಿ ಮುನಿಶಾಮಿಯನ್ನು ಕೂರಿಸಿದ್ದ. ತಳ್ಳುತ್ತಿದ್ದವನು ವೆಂಕಟೇಶಪ್ಪ. ಹತ್ತು ಮಾರು ಹಿಂದೆ ಯಲ್ಲಮ್ಮ ಬೇರೆ ಕಡೆ ಮುಖ ಮಾಡಿಕೊಂಡು ನಡೆದು ಬರುತ್ತಿದ್ದಳು.

ನಾನು ಸೈಕಲ್ ಇಳಿದೆ. ವೆಂಕಟೇಶಪ್ಪ ಗಾಡಿ ಹಿಂದಕ್ಕೆ ಉರುಳದಂತೆ ಚಕ್ರಕ್ಕೆ ಕಾಲು ಕೊಟ್ಟು ನಿಂತು ಉಸಿರು ತೆಗೆದುಕೊಂಡ.

"ಏನಪ್ಪಾ ಇದು?" ಎಂದೆ.

"ವಾರಕ್ ಎರಡ್ ಸಲ ಅಂತ ಒಪ್ಕಂಡಿದ್ನಲ್ಲ ಸಾಮಿ," ಎಂದ. ಅದರಲ್ಲಿ ಕೊಂಕಿರಲಿಲ್ಲ. ಮತ್ತೆ ಬಗ್ಗಿ ತಳ್ಳಿದ.

ಅಲ್ಲಿಯೇ ಹೇಳಬೇಕಿತ್ತು. ಯಲ್ಲಮ್ಮ ನನ್ನ ಪಕ್ಕದಲ್ಲೇ ದಾಟಿಹೋದಳು. ಒಂದು ಮಾತು ಸಾಕಾಗಿತ್ತು. ನಾಳೆ ರಾಯರಿಗೆ ಮೊದಲು ಹೇಳಿ ಆಮೇಲೆ ಇವರಿಗೆ ಹೇಳೋಣ ಎಂದುಕೊಂಡೆ. ಮಾರನೆಯ ದಿನ ರಾಯರು ಕ್ಯಾಂಪಿನಲ್ಲಿದ್ದರು. ಅದರ ಮಾರನೆಯ ದಿನ ಯಾರೋ ಬಂದಿದ್ದರು. ಕೆಲಸ ಹೋದರೆ ಹೆಂಡತಿ ಮಕ್ಕಳ ಗತಿ ಏನು ಎಂದು ಒಂದು ದಿನ ಯೋಚಿಸಿದೆ. ಹೀಗೆ ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಉರಿಗಾಂ ಕಡೆಯ ಹಾಲಿನವನು, ಮುನಿಶಾಮಿ ತೀರಿಕೊಂಡ, ಮಣ್ಣಾಗಿ ಎರಡು ದಿನವಾಯಿತು ಎಂದ. ವೆಂಕಟೇಶಪ್ಪನಿಗೆ ಚಟ್ಟ ಮುಟ್ಟಲು ಬಿಡಲಿಲ್ಲವಂತೆ. ಅವನು ದೂರದಲ್ಲಿ ನಿಂತು ನೋಡಿ ಹೋದನಂತೆ.

ಆವತ್ತು ರಾಯರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಸೂಜಿ ಕೊಡದೆ ಇದ್ದದ್ದು ಸೋಮಾರಿತನ. ಅದಕ್ಕೆ ನಾನು ಮೇಲಕ್ಕೆ ಬರೀತೀನಿ, ಆಗೋದು ಆಗಲಿ. ಉಳಿದದ್ದನ್ನ ನನ್ನ ಹತ್ತಿರ ಯಾಕೆ ಹೇಳ್ತೀಯ? ಸುಳ್ಳು ಹೇಳಿದ ಜಾಗದಲ್ಲಿ ಹೋಗಿ ಹೇಳು. ನಾನೂ ಬರ್ತೀನಿ. ಆ ಕಾಗದಕ್ಕೆ ಸಹಿ ಹಾಕಿದವನು ನಾನು."

ನನಗಾದ ಶಿಕ್ಷೆಯ ಮಾತು ಇಲ್ಲಿ ಬೇಡ. ಅದು ಕಡಿಮೆಯೇ ಆಯಿತು.

ಭಾನುವಾರ ಬೆಳಿಗ್ಗೆ ಪಾಪಣ್ಣ ಎಲ್ಲರನ್ನೂ ಮತ್ತೆ ಸೇರಿಸಿದರು. ವೆಂಕಟೇಶಪ್ಪ ಗಣಿಯ ಬಟ್ಟೆಯಲ್ಲೇ ಬಂದು ಹಿಂದೆ ನಿಂತ. ಯಲ್ಲಮ್ಮ ಹೆಂಗಸರ ನಡುವೆ ಕೂತಿದ್ದಳು. ನಾನು ಸಂತೆಯ ದಿನದಿಂದ ಹಿಡಿದು ಒಂದನ್ನೂ ಬಿಡದೆ ಹೇಳಿದೆ. ಗೊರಸು ಕೊಯ್ದದ್ದು, ಸೂಜಿ ಕೊಡದೆ ಇದ್ದದ್ದು, ಬರೆಯದೆ ಬಿಟ್ಟದ್ದು, ಇದೇ ಜಾಗದಲ್ಲಿ ಗೊತ್ತಿಲ್ಲ ಎಂದದ್ದು. ನನ್ನನ್ನು ಹೊಡೆಯುತ್ತಾರೆ ಎಂದು ಸಿದ್ಧವಾಗಿದ್ದೆ. ಯಾರೂ ಕೈಯೆತ್ತಲಿಲ್ಲ. ಪಾಪಣ್ಣ ತಲೆಯ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

ಯಲ್ಲಮ್ಮ ಕೂತಲ್ಲಿಂದಲೇ ಮಾತಾಡಿದಳು. ನನ್ನನ್ನು ನೋಡಲಿಲ್ಲ.

"ಪ್ರಾಣ ಓಗೋ ದಿನ ಬೆಳಗ್ಗೆ ನಮ್ಮೆಜಮಾನ್ರು, ಎಂಕಟೇಸನ್ನ ಕರ್ಸು ಅಂದ್ರು. ಎರಡ್ ಸಲ ಅಂದ್ರು. ಗಾಡಿ ತಳ್ಳುದ್ರೆ ಬೀದೀಲ್ ತಳ್ಳಲಿ, ಕುದ್ರೆ ಕೊಂದವ್ನು ನಮ್ ಒಸ್ತಿಲು ತುಳಿಯಾದ್ ಬ್ಯಾಡ ಅಂತ ನಾನ್ ಕರ್ಸ್ಲಿಲ್ಲ. ಮದ್ಯಾನದ್ ಗಂಟ ಬಾಕ್ಲು ಕಡೆನೇ ನೋಡ್ತಾ ಇದ್ರು."

ಇದು ವೆಂಕಟೇಶಪ್ಪನಿಗೆ ಗೊತ್ತಿರಲಿಲ್ಲ. ಅವನು ಜನರನ್ನು ಸರಿಸಿಕೊಂಡು ಮುಂದೆ ಬಂದ.

"ನನ್ನ ಕೇಳಿದ್ರಾ?"

"ಊಂ."

"ಬೆಳಗ್ಗೆ ನಾನು ಮನೇಲೇ ಇದ್ದೆ ಅತ್ಗೆ," ಎಂದ. ಆಮೇಲೆ ನೆಲದ ಮೇಲೆ ಕೂತ.

ಪಾಪಣ್ಣ ಅವನನ್ನು ಕೇಳಿದರು. "ಗಾಡಿ ಮಾರೋಯ್ತು ಕಣಪ್ಪಾ, ಚಿಂತಾಮಣಿ ಕಡೆಯೋನು ತಕ್ಕೊಂಡೋದ. ಸ್ಟ್ಯಾಂಡಿಗ್ ನೀನ್ ಯಾವಾಗ್ ಬೇಕಾದ್ರೂ ಬಾ, ತಪ್ಪು ನಮ್ದು. ಈ ಸಾಮಿ ಕೈಲಿ ನಿಂಗೇನ್ ಕೊಡುಸ್ಬೇಕು, ಯೋಳು."

"ಏನೂ ಬ್ಯಾಡ. ನಾನು ಕುದ್ರೇನ ಆಸ್ಪತ್ರೆಗೆ ತಂದಿದ್ದೆ ಅಂತ ಒಂದ್ ಕಾಗ್ದ ಬರ್ಕೊಡ್ಲಿ."

ರಾಯರು ತಮ್ಮ ಚೀಲದಿಂದ ಕಾಗದ, ಪೆನ್ನು ತೆಗೆದು ನನ್ನ ಮುಂದಿಟ್ಟರು. ಅಲ್ಲಿಯೇ ಒಂದು ಜಟಕಾದ ಹಲಗೆಯ ಮೇಲೆ ಇಟ್ಟು ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ, ಅದರ ಕೆಳಗೆ ರಾಯರು ಸಹಿ ಮಾಡಿದರು. ವೆಂಕಟೇಶಪ್ಪನಿಗೆ ಓದು ಬರುತ್ತಿರಲಿಲ್ಲ. "ಓದಿ," ಎಂದ.

"ಉರಿಗಾಂ ಸ್ಟ್ಯಾಂಡಿನ ವೆಂಕಟೇಶಪ್ಪನವರು ಮೊಳೆ ಚುಚ್ಚಿದ ಮಾರನೆಯ ದಿನವೇ ಕುದುರೆಯನ್ನು ಆಸ್ಪತ್ರೆಗೆ ತಂದಿದ್ದರು. ಕೊಡಬೇಕಾದ ಮದ್ದನ್ನು ನಾನು ಕೊಡಲಿಲ್ಲ. ಅವರು ಬಂದದ್ದು ನೆನಪಿಲ್ಲ ಎಂದು ಸುಳ್ಳು ಹೇಳಿದೆ."

"ಇನ್ನೊಂದ್ ಸಲ ಓದಿ ಸಾಮಿ. ಅತ್ಗೆ ಕಡೆ ತಿರುಗ್ಕೊಂಡ್ ಓದಿ."

ತಿರುಗಿ ಓದಿದೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಯಲ್ಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ವೆಂಕಟೇಶಪ್ಪ ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಶಿಫ್ಟಿಗೆ ಹೊತ್ತಾಯಿತೆಂದು ಪಾಪಣ್ಣನಿಗೆ ಹೇಳಿ ಹೊರಟ.

"ಎಂಕಟೇಸ," ಎಂದು ಯಲ್ಲಮ್ಮ ಹಿಂದಿನಿಂದ ಕರೆದಳು.

ಅವನು ನಿಂತ. ತಿರುಗಿ ನೋಡಲಿಲ್ಲ. ಅವಳು ಮತ್ತೆ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಅವನು ಒಳಜೇಬಿನ ಕಾಗದವನ್ನು ಅಂಗಿಯ ಮೇಲಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡು, ಗಣಿಯ ಗೇಟಿನ ಕಡೆ ನಡೆದುಹೋದ.